ಸಂಡೂರಿನ ಧೂಳು, ತುಂಗಭದ್ರೆಯ ನೀರು: ಪುನಶ್ಚೇತನದ ಅಳತೆ ಯಾವುದು?

ಸಂಡೂರಿನ ಬೆಟ್ಟಗಳಿಂದ ಹೊರಹೋಗುವ ಅದಿರಿಗೆ ಟನ್ನುಗಳ ಲೆಕ್ಕವಿದೆ. ಅದರೊಡನೆ ಎದ್ದ ಧೂಳು ಯಾವ ದೇಹವನ್ನು ಸೇರಿತೆಂಬ ಲೆಕ್ಕವನ್ನು ಇಡುವವರು ವಿರಳ. ಇಂದು ನಾವು ಕೇಳಬೇಕಾದುದು ಈ ಎರಡನೆಯ ಲೆಕ್ಕವನ್ನೇ.

ಹಿನ್ನೆಲೆಯನ್ನು ಸ್ಮರಿಸೋಣ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ಅತಿಯಾಗಿ ನಿಯಮ ಮೀರಿದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವುಗಳಿಗೆ ಪುನಶ್ಚೇತನದ ಷರತ್ತು ವಿಧಿಸಿತು. ಅದಕ್ಕಾಗಿ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿಗಳ ವಿನಿಯೋಗಕ್ಕೆ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಗೊಂಡಿತು. 2022ರಲ್ಲಿ ಬಳ್ಳಾರಿಯ ವಾರ್ಷಿಕ ಉತ್ಪಾದನಾ ಮಿತಿಯು 28ರಿಂದ 35 ದಶಲಕ್ಷ ಟನ್ನಿಗೆ ಏರಿತು. ಅದಿರು ಹೆಚ್ಚಿದಂತೆ ಎಚ್ಚರವೂ ಹೆಚ್ಚಬೇಕಲ್ಲವೇ?

ಧೂಳಿನ ಕೆಲಸ ಸದ್ದಿಲ್ಲದ್ದು. ಎಲೆಯ ಮೇಲೆ ಕುಳಿತಾಗ ಅದು ಬೆಳಕನ್ನು ತಡೆದು, ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಗಿಡದ ಆಹಾರ ತಯಾರಿಕೆ ಕುಗ್ಗುತ್ತದೆ. ಮನುಷ್ಯನಲ್ಲಿ ದಪ್ಪ ಕಣಗಳು ಮೂಗು ಗಂಟಲಲ್ಲಿಯೇ ನಿಲ್ಲುತ್ತವೆ. 2.5 ಮೈಕ್ರಾನಿಗಿಂತ ಚಿಕ್ಕ ಕಣಗಳು ಶ್ವಾಸಕೋಶದ ಆಳಕ್ಕಿಳಿದು, ರಕ್ತವನ್ನೂ ಸೇರಬಲ್ಲವು. ಧೂಳಿನಲ್ಲಿ ಸಿಲಿಕಾ ಬೆರೆತಿದ್ದರೆ ಹಲವು ವರ್ಷಗಳ ಸೇವನೆಯಿಂದ ಸಿಲಿಕೋಸಿಸ್ ಉಂಟಾಗುತ್ತದೆ. ಅದನ್ನು ತಡೆಯಬಹುದೇ ಹೊರತು ಗುಣಪಡಿಸಲಾಗದು. ಈ ಸೂಕ್ಷ್ಮ ಕಣಗಳಿಗೆ ನಮ್ಮ ದೇಶದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಚಿಸಿದ್ದು 5 ಮಾತ್ರ. ಆದುದರಿಂದ ‘ಮಿತಿಯೊಳಗಿದೆ’ ಎಂಬ ಮಾತು ಸಂಪೂರ್ಣ ಸಮಾಧಾನವಲ್ಲ.

ಮಳೆ ಬಂದೊಡನೆ ಬೆಟ್ಟದ ಸಡಿಲ ಮಣ್ಣು ಹಳ್ಳಗಳ ಮೂಲಕ ಕೆಳಗಿಳಿಯುತ್ತದೆ. ಹೊಸಪೇಟೆಯ ತುಂಗಭದ್ರಾ ಜಲಾಶಯದಲ್ಲಿ ಮೊದಲು 133 ಟಿಎಂಸಿ ಅಡಿ ನೀರು ನಿಲ್ಲುತ್ತಿತ್ತು. ಹೂಳಿನಿಂದಾಗಿ ಈಗ ಸುಮಾರು 105ಕ್ಕೆ ಇಳಿದಿದೆ. ಈ ಹೂಳಿಗೆ ಗಣಿಯೊಂದೇ ಕಾರಣವಲ್ಲ. ಇಡೀ ಜಲಾನಯನದ ಮಣ್ಣಿನ ಸವಕಳಿ ಇದರಲ್ಲಿದೆ. ಹಾಗೆಯೇ ಹೊಲಗಳ ಗೊಬ್ಬರ, ಪಟ್ಟಣಗಳ ಚರಂಡಿ ನೀರು ಸೇರಿದಾಗ ಪಾಚಿ ಹಬ್ಬಿ ನೀರು ಹಸಿರಾಗುತ್ತದೆ. ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಉಸಿರುಗಟ್ಟುತ್ತವೆ.

ಈ ನದಿಯೇ ಹಂಪಿಯ ಬಂಡೆಗಳ ನಡುವೆ ಹರಿದು ಕಂಪ್ಲಿಯನ್ನು ಮುಟ್ಟುತ್ತದೆ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ನೀರುನಾಯಿ ಮೀನುಣ್ಣುವ ಪ್ರಾಣಿ. ಸುಲಭವಾಗಿ ಕರಗದ ಕೀಟನಾಶಕ, ಪಾದರಸಗಳು ಕಿರುಜೀವಿಯಿಂದ ಮೀನಿಗೆ, ಮೀನಿನಿಂದ ಅದಕ್ಕೆ ಸಾಂದ್ರಗೊಳ್ಳುತ್ತ ಬರುತ್ತವೆ. ಅದೇ ಮೀನು ನಮ್ಮವರ ತಟ್ಟೆಗೂ ಬರುತ್ತದೆ. ನೀರುನಾಯಿಗೆ ಒದಗುವ ಕೇಡು ನಮಗೆ ಮುನ್ಸೂಚನೆ.

ಗಣಿ ಕಾರ್ಮಿಕರೂ ಲಾರಿ ಚಾಲಕರೂ ರೈತರೂ ನಮ್ಮವರೇ. ಅವರ ಕಾಯಕ ನಿಲ್ಲಬೇಕೆಂಬುದು ನಮ್ಮ ಆಶಯವಲ್ಲ. ಕಾಯಕವು ಕಾಯವನ್ನೇ ಕೆಡಿಸಬಾರದು ಎಂಬುದಷ್ಟೇ. ಆದುದರಿಂದ ಪುನಶ್ಚೇತನ ನಿಧಿಯ ಹಾಗೂ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ರಸ್ತೆ ಕಟ್ಟಡಗಳಲ್ಲಿಯೇ ಮುಗಿಯದಿರಲಿ. ಅದಿರು ಸಾಗುವ ಪ್ರತಿ ಗ್ರಾಮದಲ್ಲಿ ಗಾಳಿಯ ಅಳತೆಯನ್ನು ಪಂಚಾಯಿತಿ ಫಲಕದಲ್ಲಿ ಕನ್ನಡದಲ್ಲಿ ಬರೆಯಲಿ. ಕಾರ್ಮಿಕರಿಗೆ ಪ್ರತಿವರ್ಷ ಶ್ವಾಸಕೋಶ ತಪಾಸಣೆಯಾಗಲಿ. ಚರಂಡಿ ನೀರು ಶುದ್ಧಗೊಂಡೇ ನದಿಗೆ ಸೇರಲಿ. ಮಗುವಿನ ಉಸಿರು, ಮರದ ಎಲೆ, ಹೊಳೆಯ ಮೀನು ಇವು ಚೇತರಿಸಿಕೊಂಡ ದಿನವೇ ಪುನಶ್ಚೇತನವೆಂಬ ಮಾತಿಗೆ ಅರ್ಥ ಬಂದೀತು.