ಖರ್ಚಾಗುವ ಮೊದಲೇ ಲೆಕ್ಕ ಕೇಳಿ

ಯಲಹಂಕ, ಹೆಬ್ಬಾಳ, ಆರ್.ಟಿ. ನಗರದ ನೆರೆಹೊರೆಯವರೇ,

ಆಸ್ತಿ ತೆರಿಗೆ ಏರಿದಾಗ ಗೊಣಗುವವರು ನಮ್ಮಲ್ಲಿ ಬಹಳ. ಕಟ್ಟಿದ ಹಣ ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ. ಸರ್ಕಾರಕ್ಕೆ ಸ್ವಂತ ದುಡಿಮೆಯಿಲ್ಲ. ಅದು ಮಾಡುವ ಖರ್ಚೆಲ್ಲ ನಮ್ಮ ಇಂದಿನ ತೆರಿಗೆ. ಸಾಲ ಮಾಡಿದರೆ ನಮ್ಮ ಮಕ್ಕಳ ನಾಳಿನ ತೆರಿಗೆ. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಮಂಡಳಿಯೇ ತಲೆಯಾಡಿಸಿದಾಗ, ಭಿನ್ನಮತದ ಟಿಪ್ಪಣಿ ಬರೆದವರು ನಮ್ಮ ಕರಾವಳಿಯ ಬಿ.ಆರ್. ಶೆಣೈ ಒಬ್ಬರೇ. ಕೈಯಲ್ಲಿಲ್ಲದ ಹಣವನ್ನು ಖರ್ಚು ಮಾಡಿದರೆ ಬೆಲೆಯೇರಿಕೆಯ ಪೆಟ್ಟು ಬಡವರಿಗೇ ಬೀಳುತ್ತದೆಂಬ ಅವರ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.

ಲೆಕ್ಕ ಕೇಳಿದರೆ ಏನಾಗುತ್ತದೆಂದು ನಾವು ಕಣ್ಣಾರೆ ಕಂಡಿದ್ದೇವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂತು. ಸುಮಾರು 1,350 ಕೋಟಿ ರೂಪಾಯಿಯ ಅಂದಾಜು 1,791 ಕೋಟಿಗೆ ಏರಿತು; 812 ಮರಗಳ ತಲೆ ಮೇಲೆ ಕತ್ತಿ ತೂಗಿತು. 2016ರ ಅಕ್ಟೋಬರ್ 16ರಂದು ಸಾವಿರಾರು ಜನ ಬಳ್ಳಾರಿ ರಸ್ತೆಯಲ್ಲಿ ಕೈಕೈ ಹಿಡಿದು ‘ಬೇಡ’ ಎಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅದು ಯಾವ ಪಕ್ಷದ ಗೆಲುವೂ ಅಲ್ಲ, ತೆರಿಗೆದಾರರದು.

ಆಮೇಲೆ ನಾವು ಮನೆಗೆ ಹೋಗಿ ಸುಮ್ಮನಾದೆವು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪಾಲಿಕೆಯ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಹೊಸ ಚುನಾವಣೆ ನಡೆಯದೆ, 2025ರಲ್ಲಿ ಪಾಲಿಕೆ ಐದು ಹೋಳಾಗುವವರೆಗೂ ಅಧಿಕಾರಿಗಳೇ ಬಜೆಟ್ ಬರೆದರು. ರಾಜ್ಯದ ಟೆಂಡರ್ ಕಾಯ್ದೆಯ 4(ಜಿ) ವಿನಾಯಿತಿ ಇದ್ದರೆ ಪೈಪೋಟಿಯಿಲ್ಲದೆಯೂ ಗುತ್ತಿಗೆ ಕೊಡಬಹುದು. ಕೇಳುವವರಿಲ್ಲದ ಕಡೆ ಅಂಥ ಬಾಗಿಲು ತೆರೆದಿರುವುದು ನನಗೆ ನಿಜಕ್ಕೂ ದಿಗಿಲು ಹುಟ್ಟಿಸುತ್ತದೆ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಯೋಜನೆ ಬಂದಿದೆ. ಅಂದಾಜು 17 ಸಾವಿರ ಕೋಟಿಗೂ ಹೆಚ್ಚು. ಸುರಂಗ ಬೇಕೆನ್ನುವವರ ಮೇಲೆ ನನಗೆ ಸಿಟ್ಟಿಲ್ಲ, ಟ್ರಾಫಿಕ್‌ನಲ್ಲಿ ಅವರೂ ನೊಂದವರೇ. ಆದರೆ ಅದರಲ್ಲಿ ಓಡಾಡುವವರ ಟೋಲ್‌ನಿಂದಲೇ ಪೂರ್ತಿ ವೆಚ್ಚ ಹುಟ್ಟುತ್ತದೆಯೇ? ಹುಟ್ಟದಿದ್ದರೆ, ಬಿಎಂಟಿಸಿ ಬಸ್ಸಿನಲ್ಲಿ ನಿಂತು ಹೋಗುವ ಗಾರ್ಮೆಂಟ್ಸ್ ಹೆಣ್ಣುಮಗಳು ಸೋಪು, ಎಣ್ಣೆಯ ಮೇಲೆ ಕಟ್ಟಿದ ತೆರಿಗೆಯಿಂದ ಅದನ್ನೇಕೆ ತುಂಬಬೇಕು? ಗುತ್ತಿಗೆಯ ಕರಾರು, ಸಾಲದ ಷರತ್ತು, ಟೋಲ್ ಲೆಕ್ಕ ಕನ್ನಡದಲ್ಲಿ ಬಹಿರಂಗವಾಗಲಿ ಎಂದು ನಿಮ್ಮ ಶಾಸಕರಿಗೆ ಬರೆಯಿರಿ.

ನಿಮ್ಮ ಬೀದಿಯ ಲೆಕ್ಕವನ್ನೂ ಬಿಡಬೇಡಿ. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ವಾರ್ಡಿನ ಕಳೆದ ವರ್ಷದ ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಜಾಬ್ ಕೋಡ್ (ಕಾಮಗಾರಿಯ ಗುರುತು ಸಂಖ್ಯೆ), ಟೆಂಡರ್ ಕರೆದಿದ್ದರೇ ಇಲ್ಲವೇ ಎಂಬ ವಿವರ, ಪಾವತಿಯಾದ ಬಿಲ್ಲು. ಉತ್ತರ ಬಂದ ಮೇಲೆ ಅಕ್ಕಪಕ್ಕದವರನ್ನು ಕರೆದುಕೊಂಡು, ಕಾಗದ ಕೈಯಲ್ಲಿಟ್ಟುಕೊಂಡು, ಪಟ್ಟಿಯಲ್ಲಿರುವ ಚರಂಡಿಯ ಬಳಿಯೇ ಹೋಗಿ ನೋಡಿ.