ಪುನರುತ್ಥಾನ ಆಮೇಲೆ ಸೇರಿಸಿದ್ದಲ್ಲ

ಯೇಸುವಿನ ಪರ್ವತ ಪ್ರಸಂಗದ ನೀತಿಯಷ್ಟೇ ಸಾಕು, ಆತನ ಪುನರುತ್ಥಾನ ಮುಂದಿನ ತಲೆಮಾರುಗಳು ಹೆಣೆದ ಕಥೆ ಎಂದು ಲೇಖನವೊಂದು ಮಂಡಿಸಿದ ವಾದಕ್ಕೆ ಕಾಲಕ್ರಮವೇ ಎದುರು ನಿಲ್ಲುತ್ತದೆ. ಪೌಲನು ಕೊರಿಂಥದವರಿಗೆ ಮೊದಲ ಪತ್ರ ಬರೆದದ್ದು ಕ್ರಿ.ಶ. 55ರ ಸುಮಾರಿಗೆ. ಪರ್ವತ ಪ್ರಸಂಗವಿರುವ ಮತ್ತಾಯನ ಸುವಾರ್ತೆ ಅದಕ್ಕಿಂತ ಈಚಿನದು ಎಂಬುದು ಬಹುಪಾಲು ವಿದ್ವಾಂಸರ ಮತ. ಆ ಪತ್ರದ 15ನೇ ಅಧ್ಯಾಯದಲ್ಲಿ ಪೌಲನು ತಾನು ಇತರರಿಂದ ಪಡೆದ ಸಾಕ್ಷ್ಯವನ್ನೇ ಒಪ್ಪಿಸುತ್ತಾನೆ: ಎದ್ದುಬಂದ ಯೇಸುವನ್ನು ಕಂಡವರು ಶಿಷ್ಯ ಕೇಫ, ಹನ್ನೆರಡು ಮಂದಿ ಶಿಷ್ಯರು, ಐನೂರಕ್ಕೂ ಹೆಚ್ಚು ಸಹೋದರರು, ಯಾಕೋಬ. ಆ ಐನೂರರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದೂ ಹೇಳುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂಬ ಸವಾಲು ಇದು. ನಂಬದಿರುವ ಸ್ವಾತಂತ್ರ್ಯ ಎಲ್ಲರಿಗೂ ಇದೆ. ತಡವಾಗಿ ಹುಟ್ಟಿದ ಕಥೆ ಎನ್ನಲು ಮಾತ್ರ ಆಧಾರವಿಲ್ಲ.

ಬರಿದಾದ ಸಮಾಧಿಯನ್ನು ಮೊದಲು ಕಂಡವರು ಮಗ್ದಲದ ಮರಿಯಳಂಥ ಹೆಂಗಸರು ಎನ್ನುತ್ತವೆ ಸುವಾರ್ತೆಗಳು. ಹೆಣ್ಣಿನ ಸಾಕ್ಷ್ಯಕ್ಕೆ ಅಂದು ಬೆಲೆಯಿರಲಿಲ್ಲವೆಂಬುದು ಯೆಹೂದಿ ಇತಿಹಾಸಕಾರ ಜೋಸೆಫಸನ ಬರಹದಿಂದಲೇ ಗೊತ್ತು. ಜನರನ್ನು ನಂಬಿಸಲು ಕಥೆ ಕಟ್ಟುವವರು ಇಂಥ ಸಾಕ್ಷಿಗಳನ್ನು ಆರಿಸುತ್ತಾರೆಯೇ?

ಶತ್ರುವನ್ನು ಪ್ರೀತಿಸಲು ಕಲಿಸಿದವನನ್ನು ರೋಮ್ ಶಿಲುಬೆಗೇರಿಸಿತು. ಎಲ್ಲವೂ ಅಲ್ಲಿಗೇ ಮುಗಿದಿದ್ದರೆ, ಚದುರಿ ಓಡಿದ ಶಿಷ್ಯರು ಅದೇ ಜೆರುಸಲೇಮಿನಲ್ಲಿ ಬಾಯಿ ತೆರೆಯುತ್ತಿರಲಿಲ್ಲ. ಆ ಬೋಧನೆ ನಮ್ಮವರೆಗೆ ಬರುತ್ತಲೂ ಇರಲಿಲ್ಲ. ಆ ಲೇಖನದ ಲೇಖಕರು ಉತ್ತರ ಬರೆಯುವ ಮುನ್ನ ಆ 15ನೇ ಅಧ್ಯಾಯವನ್ನು ಪೂರ್ತಿಯಾಗಿ ಓದಲಿ.