ಬಡವರ ಸಾಲಿನಲ್ಲಿ ನಿಂತ ಉಳ್ಳವರು

ಅಚೌರ್ಯಾಣುವ್ರತಕ್ಕೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಕಳ್ಳನಿಗೆ ಪ್ರೇರಣೆ ಕೊಡುವುದು, ಕದ್ದ ಮಾಲನ್ನು ಕೊಳ್ಳುವುದು ಎಂಬ ಮೊದಲೆರಡನ್ನು ಪ್ರವಚನದಲ್ಲಿ ಕೇಳಿದಾಗ ವರ್ತಕ ಶ್ರಾವಕನು ನೆಮ್ಮದಿಯಿಂದ ತಲೆದೂಗುತ್ತಾನೆ; ಅವು ತನಗೆ ತಗಲುವ ಮಾತುಗಳಲ್ಲವೆಂದು ಅವನ ಭಾವನೆ. ಮೂರನೆಯದಾದ ವಿರುದ್ಧರಾಜ್ಯಾತಿಕ್ರಮವೂ ನಾಲ್ಕನೆಯದಾದ ಹೀನಾಧಿಕಮಾನೋನ್ಮಾನವೂ ಬಂದಾಗ ಅವನು ಸ್ವಲ್ಪ ಮಿಸುಕುತ್ತಾನೆ. ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು ಅಳತೆ ಎಂಬುದು ನಾಲ್ಕನೆಯದರ ಅರ್ಥ. ಆ ತಕ್ಕಡಿ ಅಂಗಡಿಯಲ್ಲಿಯೇ ತೂಗುತ್ತಿರಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದಲ್ಲಿ ನೆಲೆಸಿ, ವೃದ್ಧರಾದ ತಂದೆತಾಯಿಗಳನ್ನು ಅಲ್ಲಿಗೆ ಕರೆಸಿಕೊಂಡಿರುವ ಜೈನ ಕುಟುಂಬಗಳ ಮಾತುಕತೆಯಲ್ಲಿ ಅದು ‘ಆಸ್ತಿ ಸಂರಕ್ಷಣೆ’ ಎಂಬ ಮರ್ಯಾದೆಯ ಹೆಸರಿನಿಂದ ಪ್ರವೇಶಿಸಿದೆ.

ವಿಷಯದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಮಾಡಿದ ಕಾನೂನಿನಿಂದ ಆ ದೇಶದಲ್ಲಿ ಎರಡು ಯೋಜನೆಗಳು ಹುಟ್ಟಿದವು. ಮೆಡಿಕೇರ್ ಎಂಬುದು ಮುಖ್ಯವಾಗಿ 65 ವರ್ಷ ದಾಟಿದವರಿಗೆ. ಅದಕ್ಕೆ ಬಡವ ಬಲ್ಲಿದನೆಂಬ ಭೇದವಿಲ್ಲ. ಆದರೆ ಅದು ಆಸ್ಪತ್ರೆಯ, ವೈದ್ಯರ ಖರ್ಚಿಗೆ ಮಾತ್ರ ಒದಗುತ್ತದೆ. ಸ್ನಾನ ಮಾಡಿಸುವುದು, ಉಣಿಸುವುದು, ಮಗ್ಗುಲು ಬದಲಾಯಿಸುವುದು ಮೊದಲಾದ ನಿತ್ಯದ ಆರೈಕೆ ವರ್ಷಗಟ್ಟಲೆ ಬೇಕಾದಾಗ ಮೆಡಿಕೇರ್ ಕೈಚೆಲ್ಲುತ್ತದೆ. ಮೂರು ದಿನ ಆಸ್ಪತ್ರೆಯಲ್ಲಿ ಒಳರೋಗಿಯಾಗಿದ್ದವರಿಗೆ ಆ ಬಳಿಕ ಶುಶ್ರೂಷಾಲಯದಲ್ಲಿ ಹೆಚ್ಚೆಂದರೆ 100 ದಿನ, ಅದರಲ್ಲಿಯೂ ಮೊದಲ 20 ದಿನ ಮಾತ್ರ ಪೂರ್ಣವಾಗಿ. ಇದು ಮೂಲ ಮೆಡಿಕೇರ್‌ನ ಲೆಕ್ಕ. ಅಂತಹ ಶುಶ್ರೂಷಾಲಯದ ಸರಾಸರಿ ವೆಚ್ಚ ಈಗ ವರ್ಷಕ್ಕೆ ಒಂದು ಲಕ್ಷ ಡಾಲರನ್ನು ಮೀರಿದೆ. ಇದನ್ನು ಭರಿಸುವುದು ಎರಡನೆಯದಾದ ಮೆಡಿಕೈಡ್. ಅದು ಬಡವರಿಗಾಗಿಯೇ ಇರುವ, ಕೇಂದ್ರವೂ ರಾಜ್ಯಗಳೂ ಸೇರಿ ನಡೆಸುವ ಯೋಜನೆ. ಹೆಚ್ಚಿನ ರಾಜ್ಯಗಳಲ್ಲಿ ಒಂಟಿ ವೃದ್ಧನಿಗೆ ವಾಸದ ಮನೆ, ಒಂದು ಕಾರು ಮುಂತಾದವುಗಳನ್ನು ಬಿಟ್ಟು ಸುಮಾರು 2,000 ಡಾಲರಿಗಿಂತ ಹೆಚ್ಚಿನ ಆಸ್ತಿ ಇರಕೂಡದು. ಕ್ಯಾಲಿಫೋರ್ನಿಯವು 2024ರ ಜನವರಿಯಲ್ಲಿ ಈ ಮಿತಿಯನ್ನೇ ತೆಗೆದುಹಾಕಿ, 2026ರ ಜನವರಿಯಿಂದ 1,30,000 ಡಾಲರುಗಳ ಮಿತಿಯನ್ನು ಮತ್ತೆ ತಂದಿತು.

ಇಷ್ಟು ಕಡಿಮೆ ಮಿತಿಯಿದ್ದಾಗ, ಹತ್ತು ಲಕ್ಷ ಡಾಲರ್ ಉಳ್ಳವನು ಎರಡು ಸಾವಿರ ಉಳ್ಳವನಾಗಿ ಕಾಣಿಸಿಕೊಳ್ಳುವ ವಿದ್ಯೆಗೆ ಬೆಲೆ ಬರುವುದು ಸಹಜ. ಆ ವಿದ್ಯೆಯನ್ನು ಹೇಳಿಕೊಡುವ ವಕೀಲರಿದ್ದಾರೆ. ಆಸ್ತಿಯನ್ನು ಮಕ್ಕಳಿಗೆ ದಾನ ಮಾಡುವುದು, ಅಥವಾ ಹಿಂದಕ್ಕೆ ಪಡೆಯಲಾಗದ ಟ್ರಸ್ಟಿಗೆ ಒಪ್ಪಿಸುವುದು ಇದರ ತಿರುಳು. ಸರ್ಕಾರವೂ ಸುಮ್ಮನೆ ಕುಳಿತಿಲ್ಲ. 2006ರ ಫೆಬ್ರವರಿಯಲ್ಲಿ ಸಹಿಯಾದ ಕಾನೂನಿನಂತೆ ಅರ್ಜಿಗೆ ಹಿಂದಿನ 60 ತಿಂಗಳುಗಳ ಲೆಕ್ಕವನ್ನು ಕೆದಕಿ ನೋಡಲಾಗುತ್ತದೆ. ಅದಕ್ಕೆ ಮುಂಚೆ ದಾನಗಳ ವಿಷಯದಲ್ಲಿ ಇದು 36 ತಿಂಗಳಾಗಿತ್ತು. ಈ ಅವಧಿಯಲ್ಲಿ ಬೆಲೆ ಪಡೆಯದೆ ಕೊಟ್ಟದ್ದನ್ನೆಲ್ಲ ಕೂಡಿಸಿ, ಆ ರಾಜ್ಯದ ಶುಶ್ರೂಷಾಲಯದ ಸರಾಸರಿ ಮಾಸಿಕ ದರದಿಂದ ಭಾಗಿಸುತ್ತಾರೆ. ದರ 10,000 ಡಾಲರ್ ಎಂದಿಟ್ಟುಕೊಂಡರೆ, ಮಗನಿಗೆ 1,20,000 ಡಾಲರ್ ಕೊಟ್ಟ ತಂದೆಗೆ 12 ತಿಂಗಳು ನೆರವಿಲ್ಲ. ಆ 12 ತಿಂಗಳು ಆರಂಭವಾಗುವುದು ದಾನದ ದಿನದಿಂದಲ್ಲ. ಅವನು ಶುಶ್ರೂಷಾಲಯ ಸೇರಿ, ಕೈ ಬರಿದಾಗಿ, ಬೇರೆಲ್ಲ ವಿಧದಲ್ಲಿ ಅರ್ಹನಾದ ದಿನದಿಂದ. ಆದುದರಿಂದ ಐದು ವರ್ಷ ಮೊದಲೇ ಬಡವನಾಗಬೇಕೆಂಬುದು ವಕೀಲರ ಸಲಹೆ.

ಇದು ಕಾನೂನುಬದ್ಧವೇ? ಹೌದು. ಇಂತಹ ವರ್ಗಾವಣೆಯನ್ನು ಅಪರಾಧವೆಂದು ಸಾರಿದ ಕಾನೂನು 1996ರಲ್ಲಿ ಬಂದಿತು. ವೃದ್ಧೆಯರನ್ನು ಸೆರೆಮನೆಗೆ ಕಳುಹಿಸುವ ಕಾನೂನೆಂದು ಅದನ್ನು ಜನರು ಹಂಗಿಸಿದರು. 1997ರಲ್ಲಿ ಅದನ್ನು ತಿದ್ದಿ, ಹಣ ಪಡೆದು ಸಲಹೆ ಕೊಡುವವರ ಕಡೆಗೆ ದಂಡವನ್ನು ತಿರುಗಿಸಲಾಯಿತು. 1998ರಲ್ಲಿ ಅಟಾರ್ನಿ ಜನರಲ್ ಜಾನೆಟ್ ರೆನೋ ಅವರೇ ಅದನ್ನು ಜಾರಿಗೊಳಿಸುವುದಿಲ್ಲವೆಂದರು. ಆದ್ದರಿಂದ ಟ್ರಸ್ಟು ಮಾಡಿ ಐದು ವರ್ಷ ಕಾದವನ ಮೇಲೆ ವಿರುದ್ಧರಾಜ್ಯಾತಿಕ್ರಮದ ದೋಷವನ್ನು ಹೊರಿಸಲಾಗದು. ಅಪರಾಧವಲ್ಲದಿದ್ದ ಮೇಲೆ ಅಡ್ಡಿಯೇನೆಂದು ಕೇಳುವವರು ಮೂರನೆಯ ಅತಿಚಾರವನ್ನು ದಾಟಿದರೇ ಹೊರತು ನಾಲ್ಕನೆಯದನ್ನಲ್ಲ. ಬೀಗರ ಮುಂದೆ ಹತ್ತು ಲಕ್ಷ, ಮೆಡಿಕೈಡ್ ಕಚೇರಿಯ ಮುಂದೆ ಎರಡು ಸಾವಿರ. ಮನೆ ಅದೇ, ಒಡೆಯ ಅವನೇ, ಕೋಣೆಯ ಕಿಟಕಿಯೂ ಬದಲಾಗಿಲ್ಲ. ಬದಲಾದದ್ದು ತೂಕದ ಕಲ್ಲು.

ಇದಕ್ಕಿಂತ ಕೀಳಾದ ದಾರಿಯೊಂದಿದೆ. ಅದನ್ನು ಯಾವ ವಕೀಲನೂ ಬಾಯಿಬಿಟ್ಟು ಹೇಳುವುದಿಲ್ಲ. ಅರ್ಜಿಯು ಕೇಳುವುದು ಅಮೆರಿಕದ ಆಸ್ತಿಯನ್ನು ಮಾತ್ರವಲ್ಲ, ಎಲ್ಲಿದ್ದರೂ ತೋರಿಸಬೇಕು. ಹಾಸನದ ನಿವೇಶನ, ಮೂಡಬಿದಿರೆಯ ತೋಟ, ಬೆಳಗಾವಿಯ ಬ್ಯಾಂಕಿನ ಠೇವಣಿ ಇವನ್ನು ಬರೆಯದೆ ಬಿಡುವುದು ಯೋಜನೆಯಲ್ಲ, ಸುಳ್ಳು ಹೇಳಿಕೆ. ಊರಿನ ತಮ್ಮನಿಗೆ ಫೋನು ಮಾಡಿ, ಸದ್ಯಕ್ಕೆ ನಿನ್ನ ಹೆಸರಿನಲ್ಲಿರಲಿ ಎಂದರೆ, ಭಾರತದಲ್ಲಿ 2016ರಲ್ಲಿ ಬಿಗಿಗೊಳಿಸಿದ ಬೇನಾಮಿ ಕಾನೂನಿನ ಬಾಗಿಲಿಗೆ ಆ ತಮ್ಮನೂ ಬಂದು ನಿಲ್ಲುತ್ತಾನೆ. ಬಸದಿಗಳ ಧರ್ಮದರ್ಶಿಗಳಿಗೂ ಇದರಲ್ಲಿ ಪಾಲಿದೆ. ಧರ್ಮಸಂಸ್ಥೆಗೆ ಕೊಟ್ಟ ದಾನವೂ ಆ 60 ತಿಂಗಳ ಲೆಕ್ಕದಲ್ಲಿ ಬೆಲೆಯಿಲ್ಲದ ವರ್ಗಾವಣೆಯೆಂದೇ ಪರಿಗಣಿತವಾಗಬಹುದಾದ್ದರಿಂದ, ರಸೀದಿಗೆ ಹಿಂದಿನ ತಾರೀಖು ಹಾಕಿಕೊಡಿರೆಂಬ ಬೇಡಿಕೆ ಬರುವುದಕ್ಕೆ ಎಡೆಯುಂಟು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಎಂದು ಹೆಸರಿಟ್ಟು ಹೇಳಿರುವುದು ಇದನ್ನೇ. ದಾತೃವು ಎಷ್ಟು ದೊಡ್ಡವನಾದರೂ ಆ ರಸೀದಿ ಕೂಟಲೇಖವೇ.

ಇನ್ನು ಮಗನು ಬರೆದುಕೊಟ್ಟ ಮಾತು. ತಂದೆತಾಯಿಗಳನ್ನು ಶಾಶ್ವತವಾಗಿ ಕರೆಸಿಕೊಳ್ಳುವ ಮಗನು ಅಮೆರಿಕದ ಸರ್ಕಾರಕ್ಕೆ ಪೋಷಣೆಯ ಪ್ರಮಾಣಪತ್ರವೊಂದನ್ನು ಸಹಿ ಮಾಡಿ ಕೊಡುತ್ತಾನೆ. 1997ರ ಡಿಸೆಂಬರಿನಿಂದ ಅದು ನ್ಯಾಯಾಲಯದಲ್ಲಿ ನಿಲ್ಲುವ ಕರಾರು. ಬಡತನದ ರೇಖೆಯ 125 ಪ್ರತಿಶತ ಮಟ್ಟದಲ್ಲಿ ಇವರನ್ನು ನಾನೇ ಸಾಕುತ್ತೇನೆಂಬುದು ಅದರ ಸಾರ. ತಂದೆಯು ಪೌರನಾಗುವವರೆಗೆ, ಅಥವಾ ಸುಮಾರು ಹತ್ತು ವರ್ಷಗಳ ದುಡಿಮೆಯ ಲೆಕ್ಕ ಮುಗಿಯುವವರೆಗೆ ಆ ಕರಾರು ಸಾಮಾನ್ಯವಾಗಿ ಉಳಿಯುತ್ತದೆ. ಮೆಡಿಕೈಡಿಗೂ ವಲಸಿಗರು ಸಾಮಾನ್ಯವಾಗಿ ಐದು ವರ್ಷ ಕಾಯಬೇಕು. ಈ ಐದು, ಆಸ್ತಿ ವರ್ಗಾವಣೆಯ ಆ ಐದು, ಪೌರತ್ವಕ್ಕೆ ಬೇಕಾದ ಮತ್ತೊಂದು ಐದು, ಮೂರನ್ನೂ ಒಂದೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕುಳಿತವನು ಕರಾರನ್ನು ಪಾಲಿಸುತ್ತಿಲ್ಲ. ಕರಾರು ಸಾಯುವುದನ್ನು ಕಾಯುತ್ತಿದ್ದಾನೆ.

ಎಲ್ಲ ಸಂರಕ್ಷಣೆಯೂ ಕಪಟವೆಂದು ಹೇಳಿದರೆ ಅನ್ಯಾಯವಾದೀತು. ಗಂಡನು ಶುಶ್ರೂಷಾಲಯ ಸೇರಿದರೆ ಮನೆಯಲ್ಲುಳಿದ ಹೆಂಡತಿ ಬೀದಿಗೆ ಬೀಳಬಾರದೆಂದು 1988ರ ಕಾನೂನು ಅವಳ ಪಾಲನ್ನು ಬೇರೆ ತೆಗೆದಿಟ್ಟಿದೆ. ಈಗ ಅದರ ಗರಿಷ್ಠ ಮಿತಿ ಒಂದೂವರೆ ಲಕ್ಷ ಡಾಲರನ್ನು ಮೀರಿದೆ. ಎರಡು ವರ್ಷ ಜೊತೆಯಲ್ಲಿದ್ದು ಆರೈಕೆ ಮಾಡಿ, ಅದರಿಂದ ತಂದೆ ಶುಶ್ರೂಷಾಲಯ ಸೇರುವುದನ್ನು ತಡಮಾಡಿದ ಮಗ ಅಥವಾ ಮಗಳಿಗೆ ಮನೆಯನ್ನು ದಂಡವಿಲ್ಲದೆ ಕೊಡಬಹುದು. ಅಂಗವಿಕಲ ಸಂತಾನಕ್ಕೂ ಕೊಡಬಹುದು. ದೀರ್ಘಾವಧಿ ಆರೈಕೆಯ ಪಾಲುದಾರಿಕೆ ವಿಮೆಯನ್ನು ಕೊಂಡವನಿಗೆ ವಿಮೆ ಕೊಟ್ಟಷ್ಟು ಹಣದ ಆಸ್ತಿಯನ್ನು ಉಳಿಸಿಕೊಳ್ಳಲು ಅನೇಕ ರಾಜ್ಯಗಳಲ್ಲಿ ಅವಕಾಶವಿದೆ. ಇವು ತೂಕದ ಇಲಾಖೆಯೇ ಮುದ್ರೆಯೊತ್ತಿದ ಕಲ್ಲುಗಳು. ಬಳಸುವವನಿಗೆ ಸಂಕೋಚ ಬೇಡ. (ಎರಡು ವರ್ಷ ತಾಯಿಯ ಮಲಮೂತ್ರ ಬಳಿದ ಮಗಳಿಗೆ ಮನೆ ಸಿಕ್ಕಿತೆಂದು ಮುಖ ಕೆಂಪಾಗುವ ಸೋದರರೂ ಇದ್ದಾರೆ, ಅದು ಬೇರೆಯೇ ಲೇಖನದ ವಿಷಯ.)

1993ರ ಕಾನೂನಿನ ಒಂದು ಅಂಶವನ್ನು ವರ್ತಕರಾದವರು ವಿಶೇಷವಾಗಿ ಗಮನಿಸಬೇಕು. 55 ವರ್ಷ ದಾಟಿದವರ ದೀರ್ಘಾವಧಿ ಆರೈಕೆಗೆ ರಾಜ್ಯವು ಮಾಡಿದ ಖರ್ಚನ್ನು ಅವರ ಮರಣಾನಂತರ ಅವರ ಎಸ್ಟೇಟಿನಿಂದ ವಸೂಲು ಮಾಡಲು ಯತ್ನಿಸಬೇಕೆಂದು ಅದು ವಿಧಿಸುತ್ತದೆ. ಹೆಂಡತಿ ಬದುಕಿರುವವರೆಗೆ ಕೇಳುವಂತಿಲ್ಲ. ಎಂದರೆ, ಮನೆಯಿರುವ ವೃದ್ಧನಿಗೆ ಇದು ಒಂದು ಬಗೆಯ ಕೈಗಡ: ಜೀವವಿರುವವರೆಗೆ ಮನೆಯಲ್ಲಿರು, ಆರೈಕೆ ಪಡೆ, ನಿನ್ನ ಕಾಲಾನಂತರ ಲೆಕ್ಕ ಚುಕ್ತಾ ಮಾಡೋಣ. ಮನೆಯನ್ನು ಮೊದಲೇ ಟ್ರಸ್ಟಿಗೆ ಸೇರಿಸುವ ಉದ್ದೇಶಗಳಲ್ಲಿ ಈ ಚುಕ್ತಾವನ್ನು ತಪ್ಪಿಸುವುದೂ ಒಂದು. ತಂದೆಯ ಕಿರ್ದಿಯಲ್ಲಿ ಖರ್ಚು ಬಿದ್ದ ಸಾಲವನ್ನು ತೀರಿಸದೆ ತಿಥಿಯ ಊಟ ಬಡಿಸಲು ನಾಚುತ್ತಿದ್ದ ಮನೆತನಗಳ ಮೊಮ್ಮಕ್ಕಳು ಈ ಪತ್ರಗಳಿಗೆ ಸಹಿ ಹಾಕುತ್ತಾರೆಂಬುದು ಸಣ್ಣ ಮಾತಲ್ಲ.

ಈ ಹಣ ಆಕಾಶದಿಂದ ಉದುರುವುದಿಲ್ಲ. ಆ ದೇಶದ ಶುಶ್ರೂಷಾಲಯಗಳಲ್ಲಿರುವ ಹತ್ತು ಮಂದಿಯಲ್ಲಿ ಸುಮಾರು ಆರು ಮಂದಿಗೆ ಮೆಡಿಕೈಡೇ ಗತಿ. ಮನೆಯಲ್ಲಿಯೇ ಆರೈಕೆ ಕೊಡಿಸುವ ಸೇವೆಗಳಿಗೆ ಅನೇಕ ರಾಜ್ಯಗಳಲ್ಲಿ ಕಾಯುವವರ ಪಟ್ಟಿಯಿದೆ. ಕಚೇರಿಗಳ ನೆಲ ಒರೆಸಿ ಮುದಿಯಾದ ವಿಧವೆಯೂ ಆ ಪಟ್ಟಿಯಲ್ಲಿರುತ್ತಾಳೆ. ತೆರಿಗೆ ಕಟ್ಟಿದ್ದೇವೆ, ಅದನ್ನೇ ಹಿಂದಕ್ಕೆ ಪಡೆಯುತ್ತೇವೆಂಬ ವಾದವು ಅವಳ ಎದುರಿನಲ್ಲಿ ನಿಲ್ಲದು. ಅವಳೂ ತೆರಿಗೆ ಕಟ್ಟಿದ್ದಾಳೆ.

ಕರ್ನಾಟಕದಲ್ಲಿ ಕುಳಿತು ಇದನ್ನು ಓದುವವರು ದೂರದ ಬೆಟ್ಟವೆಂದು ತಿಳಿಯುವುದು ಬೇಡ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ಚಿಕಿತ್ಸೆಯನ್ನು 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಕೊಟ್ಟಿತು. ಎಪಿಎಲ್ ಕುಟುಂಬಕ್ಕೆ ವೆಚ್ಚದ ಶೇಕಡಾ 30 ಮಾತ್ರ. ಆದಾಯ ತೆರಿಗೆ ಕಟ್ಟುವವರ ಮನೆಯ ಅಟ್ಟದಲ್ಲಿ ಬಿಪಿಎಲ್ ಕಾರ್ಡು ಹೇಗೆ ಹುಟ್ಟುತ್ತದೆಂಬುದನ್ನು ವಿವರಿಸಲು ಅಮೆರಿಕದ ವಕೀಲ ಬೇಕಾಗಿಲ್ಲ.

ಇಷ್ಟಕ್ಕೂ ಸಂರಕ್ಷಣೆ ಯಾರಿಂದ? ಕಳ್ಳನಿಂದಲ್ಲ, ಬೆಂಕಿಯಿಂದಲ್ಲ. ಮುಪ್ಪಿಗೆಂದು ಕೂಡಿಟ್ಟ ಹಣವನ್ನು ಮುಪ್ಪಿನಿಂದ ಕಾಪಾಡುವುದು. ತಂದೆಯ ಗಳಿಕೆಯನ್ನು ತಂದೆಯಿಂದಲೇ ಕಾಪಾಡುವುದು. ಅವನಿಗೆ ಸಿಗುವುದೇನೆಂದು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಸ್ವಂತ ಹಣವುಳ್ಳವನು ಶುಶ್ರೂಷಾಲಯವನ್ನು ಆರಿಸಬಲ್ಲ, ಜೈನ ಅಡುಗೆ ಬಲ್ಲ ಸಹಾಯಕಿಯನ್ನು ಮನೆಗೇ ಕರೆಸಬಲ್ಲ. ಮೆಡಿಕೈಡ್ ಕೊಡುವ ದರ ಕಡಿಮೆಯಾದುದರಿಂದ ಅದರ ರೋಗಿಗೆ ಆಯ್ಕೆಯೂ ಕಡಿಮೆ. ಎಪ್ಪತ್ತು ವರ್ಷ ಅನಸ್ತಮಿತ ವ್ರತವನ್ನು ಪಾಲಿಸಿದ ತಾಯಿಗೆ ಚಳಿಗಾಲದಲ್ಲಿ ಸೂರ್ಯಾಸ್ತಕ್ಕೆ ಮುನ್ನ ತಟ್ಟೆ ಬರುವುದೇ? ಗೆಡ್ಡೆಗೆಣಸಿಲ್ಲದ ಪಲ್ಯ ಬರುವುದೇ? ಅವಳ ಹಣ ಸುರಕ್ಷಿತವಾಗಿದೆ. ವ್ರತ ಮಾತ್ರ ಆ ಟ್ರಸ್ಟಿನಲ್ಲಿ ಸೇರಿಲ್ಲ. ನೇರವಾಗಿ ಕೊಟ್ಟ ಆಸ್ತಿಯನ್ನು ಮಗನ ಸಾಲಗಾರನೋ ವಿಚ್ಛೇದನದ ನ್ಯಾಯಾಲಯವೋ ಮುಟ್ಟಿದರೆ ಹಿಂದಕ್ಕೆ ಕೇಳುವ ಹಕ್ಕೂ ಅವಳಿಗಿಲ್ಲ. ಭಾರತದ 2007ರ ಹಿರಿಯ ನಾಗರಿಕರ ಕಾನೂನಿನ 23ನೆಯ ಕಲಮು, ಪೋಷಣೆಯ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಪೋಷಿಸದಿದ್ದಲ್ಲಿ ರದ್ದುಗೊಳಿಸಲು ಅವಕಾಶ ಕೊಡುತ್ತದೆ. ಅಲ್ಲಿ ಹಿಂದಕ್ಕೆ ಪಡೆಯಲಾಗದಂತೆ ಕೊಡುವುದೇ ಯೋಜನೆಯ ಜಾಣತನ.

ವೈಯಾವೃತ್ಯವನ್ನು ಅಂತರಂಗ ತಪಗಳಲ್ಲಿ ಒಂದೆಂದು ಎಣಿಸಿದ ಧರ್ಮವಿದು. ಚತುರ್ವಿಧ ದಾನದಲ್ಲಿ ಔಷಧದಾನಕ್ಕೆ ಸ್ಥಾನ ಕೊಟ್ಟದ್ದೂ ಇದೇ. ಪಂಚಕಲ್ಯಾಣಕ್ಕೆ ಲಕ್ಷಗಟ್ಟಲೆ ಕೂಡಿಸಬಲ್ಲ ಸಂಸ್ಥೆಗಳು, ಇಲ್ಲಿಯವಾಗಲಿ ಸಾಗರದಾಚೆಯವಾಗಲಿ, ನಿಜವಾಗಿ ಕೈ ಬರಿದಾದ ವೃದ್ಧರ ಆರೈಕೆಗೊಂದು ನಿಧಿಯನ್ನು ತೆರೆಯಬಹುದು. ಶುಶ್ರೂಷಾಲಯಗಳಿಗೆ ಸಂಜೆಯೊಳಗೆ ಊಟ ಮುಟ್ಟಿಸುವ ವ್ಯವಸ್ಥೆಯನ್ನು ಮಾಡಬಹುದು. ಹಾಗೆಯೇ ಧರ್ಮದರ್ಶಿ ಮಂಡಳಿಗಳು ತಮ್ಮ ಮುಂದಿನ ಸಭೆಯಲ್ಲಿಯೇ ಒಂದು ನಿರ್ಣಯವನ್ನು ಬರೆದಿಡಲಿ: ಹಣ ಬಂದ ದಿನದ ತಾರೀಖಲ್ಲದೆ ಬೇರೆ ತಾರೀಖಿನ ರಸೀದಿಯನ್ನು, ಕೇಳಿದವರು ಯಾರೇ ಆಗಿರಲಿ, ಕೊಡತಕ್ಕದ್ದಲ್ಲ, ಹೊರದೇಶದಲ್ಲಿರುವ ದಾತೃಗಳ ಪರವಾಗಿ ಆಸ್ತಿಯನ್ನು ಬಸದಿಯ ಹೆಸರಿನಲ್ಲಿ ತಾತ್ಕಾಲಿಕವಾಗಿ ಇರಿಸಿಕೊಳ್ಳತಕ್ಕದ್ದಲ್ಲ.